ಡೋಣಿ ಸಾಲಿನ ಎರೆಮಣ್ಣು: ಹೆಸರಿನ ಮುಂದೆ ‘ಟಿಪಿಕ್’ ಹಾಕಲೋ ‘ಏರಿಡಿಕ್’ ಹಾಕಲೋ?

#1 · ಗುಂಡಿವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಪ್ರಬಂಧಕ್ಕೆಂದು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸಾಲಿನಲ್ಲಿ ಗುಂಡಿ ತೆಗೆಸಿ ಪದರಗಳ ವಿವರ ಬರೆದುಕೊಂಡಿದ್ದೇನೆ. ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿಯಾದ ಸಾಯಿಲ್ ಟ್ಯಾಕ್ಸಾನಮಿಯ ಪ್ರಕಾರ ಇದಕ್ಕೆ ಹೆಸರಿಡಬೇಕು. ವರ್ಟಿಸಾಲ್ (ಹಿಗ್ಗಿ ಕುಗ್ಗಿ ಬಿರುಕು ಬಿಡುವ ಜೇಡಿ ಮಣ್ಣು) ಅನ್ನುವವರೆಗೆ ಯಾರ ತಕರಾರೂ ಇಲ್ಲ, ಮುಂದೆ ಸಿಕ್ಕಿಕೊಂಡಿದ್ದೇನೆ.

ಸ್ಥಳ: ಹೆಚ್ಚುಕಡಿಮೆ ಸಪಾಟು, ಇಳಿಜಾರು ಶೇ 1ಕ್ಕಿಂತ ಕಡಿಮೆ. ಮಳೆಯಾಶ್ರಿತ. ಒಂದು ವರ್ಷ ಹಿಂಗಾರಿ ಜೋಳ, ಒಂದು ವರ್ಷ ಕಡಲೆ. ಮುಂಗಾರಿಗೆ ಖಾಲಿ ಬಿಡುತ್ತಾರೆ.

0–18 ಸೆಂ.ಮೀ: ಉಳುಮೆ ಪದರ. ಹಸಿಯಿದ್ದಾಗ ಬಣ್ಣ 10 ವೈಆರ್ 3/1 (ಬಣ್ಣದ ಪಟ್ಟಿಯ ಸಂಖ್ಯೆ, ಬಹಳ ಕಡು ಬೂದು). ಜೇಡಿ ಶೇ 54.
18–50: ಜೇಡಿ ಶೇ 56. ಗಟ್ಟಿ ಹೆಂಟೆ. ಬಿರುಕಿನೊಳಗೆ ಮೇಲಿನ ಪುಡಿಮಣ್ಣು ಬಿದ್ದಿದೆ.
50–110: ಜೇಡಿ ಶೇ 58. ಒಂದರ ಮೇಲೊಂದು ಉಜ್ಜಿ ನುಣುಪಾದ, ಓರೆಯಾಗಿ ನಿಂತ ಹೊಳೆಯುವ ಮುಖಗಳು, ಅಂದರೆ ಸ್ಲಿಕನ್‌ಸೈಡ್. ಹೆಂಟೆಗಳು ಬೆಣೆಯಾಕಾರ.
110–150: ಸುಣ್ಣಕಲ್ಲಿನ ಹರಳುಗಳು. ಆ್ಯಸಿಡ್ ಬಿಟ್ಟರೆ ಜೋರಾಗಿ ನೊರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಶೇ 13.
150ರ ಕೆಳಗೆ ಗರಸು.
ಪಿಎಚ್ ಮೇಲೆ 8.4, ಕೆಳಗೆ ಹೋದಂತೆ 8.9.

ಹತ್ತಿರದ ಕೇಂದ್ರದ 30 ವರ್ಷಗಳ ಮಳೆ, ಉಷ್ಣಾಂಶ ಸಿಕ್ಕಿವೆ. ವರ್ಷಕ್ಕೆ 600 ಮಿ.ಮೀ ಆಸುಪಾಸು, ಸೆಪ್ಟೆಂಬರ್‌ನಲ್ಲೇ ಅತಿ ಹೆಚ್ಚು. ಇವುಗಳಿಂದ ಮಣ್ಣಿನ ತೇವ ಲೆಕ್ಕ ಹಾಕುವ ನ್ಯೂಹಾಲ್ ಮಾಡೆಲ್‌ಗೆ ಹಾಕಿದರೆ ತೇವದ ವರ್ಗ ‘ಅಸ್ಟಿಕ್’ (ಮಿತ ತೇವ) ಎಂದು ಬರುತ್ತದೆ, ಆದರೆ ‘ಏರಿಡಿಕ್’ನ (ಒಣ) ಅಂಚಿನಲ್ಲಿ. ಒಣ ವರ್ಷಗಳನ್ನು ಬೇರೆ ಮಾಡಿ ಹಾಕಿದರೆ ಏರಿಡಿಕ್ಕೇ. ‘600 ಮಿ.ಮೀ ಅಂದಮೇಲೆ ಟಿಪಿಕ್ ಹ್ಯಾಪ್ಲಸ್ಟರ್ಟ್ಸ್ ಅಂತ ಬರೆದು ಮುಗಿಸು’ ಅನ್ನುತ್ತಾರೆ ಸೀನಿಯರ್‌ಗಳು. (ಹ್ಯಾಪ್ಲಸ್ಟರ್ಟ್ಸ್ ಅಂದರೆ ಅಸ್ಟಿಕ್ ವರ್ಟಿಸಾಲ್‌ಗಳ ಸಾದಾ ಗುಂಪು, ಟಿಪಿಕ್ ಅಂದರೆ ಅದರೊಳಗಿನ ಮಾದರಿ ಉಪಗುಂಪು.) ನನಗೆ ಏರಿಡಿಕ್ ಹ್ಯಾಪ್ಲಸ್ಟರ್ಟ್ಸ್ ಇರಬಹುದೇ ಎಂಬ ಅನುಮಾನ. ಏನನ್ನುತ್ತೀರಿ?

#2 · ಗ್ರಿಡ್‌ಮಳೆ

ಮೊದಲು ಮಾಡೆಲ್ ಏನು ಮಾಡುತ್ತದೆ ಅಂತ ನೋಡಿಕೊಳ್ಳಿ. ನ್ಯೂಹಾಲ್ 1970ರ ದಶಕದ ಲೆಕ್ಕ. ತಿಂಗಳ ಮಳೆಯಲ್ಲಿ ಅರ್ಧ, ತಿಂಗಳ ನಡುವೆ ಒಂದೇ ಸಲ ಜೋರಾಗಿ ಬೀಳುತ್ತದೆ, ಉಳಿದರ್ಧ ಸಣ್ಣಗೆ ಹನಿಯುತ್ತದೆ ಅಂತ ಹಿಡಿಯುತ್ತದೆ. ಆವಿಯಾಗುವ ನೀರಿಗೆ ಥಾರ್ನ್‌ತ್‌ವೇಟ್‌ನ 1948ರ ಸೂತ್ರ. ಅದಕ್ಕೆ ಬೇಕಿರುವುದು ಉಷ್ಣಾಂಶ ಮಾತ್ರ, ಗಾಳಿ ಗೊತ್ತಿಲ್ಲ. ಬೇಸಿಗೆಯ ಒಣಗಾಳಿ ಬೀಸುವ ಬಯಲುಸೀಮೆಗೆ ಅದು ಕಡಿಮೆ ತೋರಿಸುತ್ತದೆ. ಮಣ್ಣು ಹಿಡಿದಿಡುವ ನೀರನ್ನು ನೀವು ಬದಲಿಸದಿದ್ದರೆ 200 ಮಿ.ಮೀ ಅಂತಲೇ ತೆಗೆದುಕೊಂಡಿರುತ್ತದೆ. ಒಂದೂವರೆ ಮೀಟರ್ ಆಳದ ಎರೆಗೆ ಅದು ಕಡಿಮೆ ಆಯಿತು.

ಇನ್ನೊಂದು: 30 ವರ್ಷದ ಸರಾಸರಿಯನ್ನು ಒಂದೇ ಸಲ ಹಾಕಬೇಡಿ. ವರ್ಷ ವರ್ಷ ಬೇರೆ ಬೇರೆ ಓಡಿಸಿ. ‘ಸಾಮಾನ್ಯ ವರ್ಷ’ ಅನ್ನುವುದಕ್ಕೂ ನಿಯಮವಿದೆ: ವಾರ್ಷಿಕ ಮಳೆ ಸರಾಸರಿಯಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಒಳಗಿರಬೇಕು, 12ರಲ್ಲಿ 8 ತಿಂಗಳ ಮಳೆಯೂ ಹಾಗೇ ಇರಬೇಕು. ನಮ್ಮ ಬಯಲುಸೀಮೆಯಲ್ಲಿ ಅಂಥ ವರ್ಷ ಹುಡುಕುವುದೇ ಒಂದು ಕೆಲಸ.

ಉಷ್ಣಾಂಶದ ಗುಂಪು ಸುಲಭ, ಐಸೊಹೈಪರ್‌ಥರ್ಮಿಕ್. 50 ಸೆಂ.ಮೀ ಆಳದಲ್ಲಿ ವರ್ಷದ ಸರಾಸರಿ 22 ಡಿಗ್ರಿ ಅಥವಾ ಹೆಚ್ಚು, ಬೇಸಿಗೆ–ಚಳಿಗಾಲಗಳ ವ್ಯತ್ಯಾಸ 6 ಡಿಗ್ರಿಗಿಂತ ಕಡಿಮೆ. ಬೇಸಿಗೆ ಅಂದರೆ ಆ ಪುಸ್ತಕದಲ್ಲಿ ಜೂನ್, ಜುಲೈ, ಆಗಸ್ಟ್! ಏಪ್ರಿಲ್–ಮೇನಲ್ಲಿ ನೆಲ ಕಾದು ಬಾಣಲೆಯಾಗಿರುತ್ತದೆ. ಅವರ ಬೇಸಿಗೆ ಶುರುವಾಗುವ ಹೊತ್ತಿಗೆ ಇಲ್ಲಿ ಮೋಡ ಕವಿದು ತಂಪಾಗಿರುತ್ತದೆ. ಹಾಗಾಗಿ ವ್ಯತ್ಯಾಸ ಸಣ್ಣದಾಗಿ ಕಂಡು, ನಾವು ‘ಐಸೊ’ ಗುಂಪಿಗೆ ಸೇರಿಬಿಡುತ್ತೇವೆ. ನಿಯಮ ಅಂದಮೇಲೆ ನಿಯಮ.

#3 · ಹಳೇಸರ್ವೇಯರ್

ತಮ್ಮಾ, ಮಾಡೆಲನ್ನು ಸ್ವಲ್ಪ ಪಕ್ಕಕ್ಕಿಡು. ಗುಂಡಿಯ ವಿವರ ಚೆನ್ನಾಗಿ ಬರೆದಿದ್ದೀಯ, ಆದರೆ ಬೇಕಾದದ್ದನ್ನೇ ಬರೆದಿಲ್ಲ.

ತೇವದ ವರ್ಗವನ್ನು ಅಳೆಯುವುದು ‘ನಿಯಂತ್ರಣ ವಿಭಾಗ’ ಅನ್ನುವ ಒಂದು ಪಟ್ಟಿಯಲ್ಲಿ. ಒಣಗಿದ ಮಣ್ಣಿಗೆ 25 ಮಿ.ಮೀ ನೀರು ಬಿಟ್ಟರೆ 24 ಗಂಟೆಯಲ್ಲಿ ಎಲ್ಲಿಯವರೆಗೆ ಇಳಿಯುತ್ತದೋ ಅದು ಅದರ ಮೇಲಂಚು. 75 ಮಿ.ಮೀ ಬಿಟ್ಟರೆ 48 ಗಂಟೆಯಲ್ಲಿ ಇಳಿಯುವ ಆಳ ಕೆಳಂಚು. ಜೇಡಿ ಮಣ್ಣಿನಲ್ಲಿ ಸುಮಾರು 10ರಿಂದ 30 ಸೆಂ.ಮೀ. ಇದೆಲ್ಲ ನೀರು ಮೇಲಿಂದ ಕೆಳಕ್ಕೆ ಸರಿಯಾಗಿ ಇಳಿಯುವ ಮಣ್ಣಿನ ಮಾತು. ಎರೆಹೊಲದಲ್ಲಿ ಮೊದಲ ಮಳೆ ಹಾಗೆ ಇಳಿಯುವುದಿಲ್ಲ. ಬಿರುಕಿನೊಳಗೆ ಸುರಿದು ತಳಕ್ಕೆ ಹೋಗುತ್ತದೆ. ಮೇಲೂ ತೇವ, ತಳದಲ್ಲೂ ತೇವ, ನಡುವೆ ಒಣ. ಹಾಗಾಗಿ ಬಿರುಕು ಬಿಡುವ ಮಣ್ಣಿಗೆ ಆ ಪಟ್ಟಿ ಹೊಂದುವುದಿಲ್ಲ ಅಂತ ಟ್ಯಾಕ್ಸಾನಮಿಯೇ ಒಪ್ಪಿಕೊಂಡು, ವರ್ಟಿಸಾಲ್‌ಗಳಿಗೆ ಬಿರುಕಿನ ದಿನಗಳನ್ನೇ ಎಣಿಸಲು ಹೇಳುತ್ತದೆ.

ಲೆಕ್ಕ ಇಷ್ಟು. ನೀರಾವರಿ ಮಾಡದ ವರ್ಷದಲ್ಲಿ, ಮೇಲಿನ 50 ಸೆಂ.ಮೀ ಒಳಗೆ ಕನಿಷ್ಠ 25 ಸೆಂ.ಮೀ ದಪ್ಪದುದ್ದಕ್ಕೂ 5 ಮಿ.ಮೀ ಅಥವಾ ಹೆಚ್ಚು ಅಗಲದ ಬಿರುಕು, ಹತ್ತರಲ್ಲಿ ಆರು ವರ್ಷವಾದರೂ. ಅದು ವರ್ಷಕ್ಕೆ ಒಟ್ಟು 90 ದಿನ ಅಥವಾ ಹೆಚ್ಚು ತೆರೆದಿದ್ದರೆ ಅಸ್ಟರ್ಟ್, ಅಂದರೆ ಅಸ್ಟಿಕ್ ವರ್ಟಿಸಾಲ್. ಅದರೊಳಗೆ 210 ದಿನ ಮುಟ್ಟಿದರೆ ಏರಿಡಿಕ್. 150ಕ್ಕಿಂತ ಕಡಿಮೆಯಾದರೆ ಯುಡಿಕ್ (ಹೆಚ್ಚು ತೇವದ್ದು). ನಡುವಿನದಕ್ಕೆ ಬೇರೆ ಯಾವ ವಿಶೇಷವೂ ಇಲ್ಲದಿದ್ದರೆ ಟಿಪಿಕ್.

ಈಗ ಹೇಳು, ನಿನ್ನ ಹೊಲದಲ್ಲಿ ಬಿರುಕು ಎಷ್ಟು ದಿನ ಇರುತ್ತದೆ? 600 ಮಿ.ಮೀ ಅನ್ನುವ ಅಂಕಿ ಅದನ್ನು ಹೇಳುವುದಿಲ್ಲ. ಅದೇ 600 ಜೂನ್‌ನಿಂದ ಸಮನಾಗಿ ಬಿದ್ದರೆ ಒಂದು ಕಥೆ, ಸೆಪ್ಟೆಂಬರ್‌ನಲ್ಲಿ ಒಟ್ಟಾಗಿ ಸುರಿದರೆ ಇನ್ನೊಂದು ಕಥೆ. ಹೊಲದವರನ್ನು ಕೇಳು.

#4 · ಡೋಣಿದಂಡಿ

ಹೊಲದವರು ಅಂದಿರಿ ಅಂತ ಬರ್ಯಾಕತ್ತೀನ್ರಿ. ನಮ್ದೂ ಅಲ್ಲೇ ಎರಿ ಹೊಲ.

ಹಿಂಗಾರಿ ಬಿತ್ತಿಗಿ ಆಗೂದು ಉತ್ತರಿ, ಹಸ್ತಾ ಮಳಿ ನೋಡ್ಕೊಂಡು. ಆವಾಗ ನೆಲ ಗಚ್ಚಾಗಿ ಕೂಡಿರತೈತಿ, ಬಿರಕು ಹುಡುಕಿದ್ರೂ ಸಿಗೂದಿಲ್ಲ. ಚಿತ್ತಿ ದಾಟಿದ ಮ್ಯಾಲ ಮಳಿ ಕಡಿಮಿ. ಜ್ವಾಳ ಮೊಣಕಾಲ ಮಟ ಬಂದಾಗ ಸಾಲಿನ ನಡುವ ಕೂದಲೆಳಿ ಹಂಗ ಗೆರಿ ಮೂಡತಾವು. ಎಳ್ಳಮಾಸಿಗೆ ಚರಗ ಚೆಲ್ಲಾಕ ಹ್ವಾದಾಗ ನೋಡ್ರಿ, ಅಷ್ಟೊತ್ತಿಗೆ ಬಟ್ಟು ಹೊಗತಾವು. ಯುಗಾದಿ ಹೊತ್ತಿಗೆ ಕೈ ಹೊಗತೈತಿ. ಮೇ ತಿಂಗಳಾಗ ಕುಡಗೋಲ ಬಿದ್ರ ತಗಿಯಾಕ ಆಗೂದಿಲ್ಲ, ಹುಡುಗಾಟಕ್ಕ ಹೇಳಿದ್ದಲ್ಲ.

ರೋಹಿಣಿ, ಮಿರಗಾ ಮಳಿ ಬಂದ್ರ ಮ್ಯಾಲ ಮುಚ್ಚಿಧಂಗ ಕಾಣತೈತಿ. ಕಾಲಿಟ್ರ ಕುಸೀತೈತಿ, ಒಳಗ ಹಂಗೇ ಇರತಾವು. ಜುಲೈ ನಡುವಿನ ತನಕ ಖರೇ ಮುಚ್ಚೂದಿಲ್ಲ. ಮಳಿ ಕೈಕೊಟ್ಟ ವರ್ಷ ಆಗಸ್ಟ್ ತನಕ ಇದ್ದದ್ದೂ ಐತಿ.

ಕಡ್ಲಿ ಹಾಕಿದ ಹೊಲದಾಗ ಜ್ವಾಳದ ಹೊಲದಷ್ಟು ಅಗಲ ಬಿಡೂದಿಲ್ಲ. ಮತ್ತ ನಾವು ಎಡಿ ಹೊಡಿತೀವಿ, ಬಿರಕು ಮುಚ್ಚಲಿ, ಹಸಿ ಉಳೀಲಿ ಅಂತ. ಅದನ್ನ ನಿಮ್ಮ ಪುಸ್ತಕದಾಗ ಹೆಂಗ ಎಣಸ್ತಾರ?

#5 · ಗುಂಡಿವಿದ್ಯಾರ್ಥಿ

ಅಣ್ಣಾರ, ತುಂಬ ಉಪಕಾರ ಆಯಿತು. ಡಿಸೆಂಬರ್ ನಡುವಿನಿಂದ ಜುಲೈ ನಡುವಿನವರೆಗೆ ಅಂತ ಹಿಡಿದರೆ 212 ದಿನ. ಗೆರೆಯ ಮೇಲೆಯೇ ಬಂದು ಕೂತಿತು! ಎಡೆ ಹೊಡೆದು ಮುಚ್ಚಿದ ದಿನಗಳನ್ನು ಕಳೆದರೆ 210ರ ಕೆಳಗೆ ಹೋಗುತ್ತದೆ, ಟಿಪಿಕ್. ಕಳೆಯದಿದ್ದರೆ ಏರಿಡಿಕ್. ಸರ್, ಯಾವುದು ಸರಿ?

#6 · ಹಳೇಸರ್ವೇಯರ್

ಕಳೆಯಬಾರದು. ಡೋಣಿದಂಡಿಯವರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಪುಸ್ತಕದಲ್ಲೇ ಉತ್ತರವಿದೆ. ಮೇಲಿನ ಕಾಳುಕಾಳು ಮಣ್ಣು ತಾನಾಗಿ ಉದುರಿಯೋ, ತೆರೆದಿದ್ದಾಗಲೇ ಸಾಗುವಳಿ ಮಾಡಿಯೋ ಬಿರುಕು ತುಂಬಿಕೊಂಡಿದ್ದರೂ, ಎರಡು ಬದಿಯ ಹೆಂಟೆಗಳು ಬೇರೆಯಾಗಿ ನಿಂತಿವೆಯಾದ್ದರಿಂದ ಅದು ತೆರೆದ ಬಿರುಕೇ. ಒಣಗಿದ ಜೇಡಿಯಲ್ಲಿ ನೀರು ಇಳಿಯುವ ದಾರಿಯನ್ನು ಆ ಬಿರುಕು ನಿರ್ಧರಿಸುತ್ತಿದ್ದರೆ ತೆರೆದಿದೆ ಅಂತ ಲೆಕ್ಕ. ನೀನೇ 18–50ರ ಪದರಕ್ಕೆ ‘ಬಿರುಕಿನೊಳಗೆ ಪುಡಿಮಣ್ಣು’ ಅಂತ ಬರೆದಿದ್ದೀಯಲ್ಲ, ಅದೇ ಇದು. ಎಡೆಕುಂಟೆ ಮುಚ್ಚುವುದು ಬಾಯನ್ನು, ಹೊಟ್ಟೆಯನ್ನಲ್ಲ.

ಹೊಲದಲ್ಲಿ ನೋಡುವುದು ಹೀಗೆ. ಒಂದು ಮೀಟರ್ ಚೌಕದಲ್ಲಿ ಮೇಲಿನ ಸಡಿಲ ಮಣ್ಣನ್ನು ಕೈಯಿಂದ ಗೋರಿ ತೆಗೆ. ಕೆಳಗೆ ಬಿರುಕಿನ ಬಲೆ ಕಾಣುತ್ತದೆ. ತೆಳು ತಂತಿ ಇಳಿಸಿ ಆಳ ನೋಡು. ಬದಿಯನ್ನು ಸೀಳಿ 10, 20, 30, 40 ಸೆಂ.ಮೀನಲ್ಲಿ ಅಗಲ ಅಳೆ. ಬದುವಿನ ಪಕ್ಕ, ಬನ್ನಿ–ಬೇವಿನ ಗಿಡದ ಕೆಳಗೆ ಅಳೆಯಬೇಡ, ಅಲ್ಲಿ ಬೇರು ನೀರು ಹೀರಿ ಬಿರುಕು ದೊಡ್ಡದಾಗಿರುತ್ತದೆ. ಜುಲೈಯಲ್ಲಿ ಅನುಮಾನ ಬಂದರೆ ಒಂದು ಬಕೆಟ್ ನೀರು ಸುರಿ. ಗಟಗಟ ಕುಡಿದರೆ ತೆರೆದಿದೆ, ಮೇಲೆ ನಿಂತರೆ ಮುಚ್ಚಿದೆ.

ಆಮೇಲೆ, ಇಎಸ್‌ಪಿ (ಜೇಡಿಗೆ ಅಂಟಿದ ವಿನಿಮಯ ಸೋಡಿಯಂನ ಶೇಕಡಾ ಪಾಲು) ಎಲ್ಲಿ? ಪಿಎಚ್ 8.9 ಅಂತ ಬರೆದು ವಿನಿಮಯ ಸೋಡಿಯಂ ಬರೆಯದೆ ಬಿಟ್ಟರೆ ಹೇಗೆ? ಡೋಣಿ ನೀರು ಉಪ್ಪು ಅಂತ ಇಡೀ ಜಿಲ್ಲೆಗೆ ಗೊತ್ತು.

#7 · ಟೂವೂಂಬಾಕನ್ನಡಿಗ

ದೂರದಿಂದ ಒಂದು ಮಾತು. ನಾನಿರುವುದು ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್ ಬಯಲಿನಲ್ಲಿ, ಇದೂ ಎರೆನಾಡೇ. ಇಲ್ಲಿನ ವರ್ಗೀಕರಣದಲ್ಲಿ ಇದಕ್ಕೆ ವರ್ಟೊಸಾಲ್ ಅಂತಾರೆ. ಜೇಡಿ ಶೇ 35 ದಾಟಿರಬೇಕು, ಒಣಗಿದಾಗ 5 ಮಿ.ಮೀ ಬಿರುಕು, ಒಳಗೆ ಸ್ಲಿಕನ್‌ಸೈಡ್ ಅಥವಾ ಬೆಣೆ ಹೆಂಟೆ. ವರ್ಷಕ್ಕೆ ಎಷ್ಟು ದಿನ ತೆರೆದಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅಂತರರಾಷ್ಟ್ರೀಯ ಮಣ್ಣು ಪದ್ಧತಿಯಾದ ಡಬ್ಲ್ಯೂಆರ್‌ಬಿಯಲ್ಲೂ ಹವಾಮಾನವನ್ನು ವರ್ಗೀಕರಣದಿಂದ ಬೇಕೆಂದೇ ಹೊರಗಿಟ್ಟಿದ್ದಾರೆ. ಮಣ್ಣಿನಲ್ಲಿ ಕಾಣುವುದನ್ನಷ್ಟೇ ಹೆಸರಿಗೆ ಹಚ್ಚಿ, ಮೋಡವನ್ನು ಯಾಕೆ ಹಚ್ಚುತ್ತೀರಿ? ನಾಳೆ ಮಳೆ ಬದಲಾದರೆ ಗುಂಡಿ ಅಲ್ಲೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ.

ಅಂದಹಾಗೆ ಇಲ್ಲಿ ಉಳದ ಜಾಗಗಳಲ್ಲಿ ನೆಲ ಅಲೆಅಲೆಯಾಗಿ ಏರಿಳಿದಿರುತ್ತದೆ, ಗಿಲ್ಗೈ ಅಂತಾರೆ. ನಮ್ಮ ಕಡೆ ತಲೆತಲಾಂತರ ರಂಟೆ, ಕುಂಟೆ ಹೊಡೆದು ಸಪಾಟು ಮಾಡಿಬಿಟ್ಟಿದ್ದೇವೆ.

#8 · ಹಳೇಸರ್ವೇಯರ್

ಒಪ್ಪುತ್ತೇನೆ, ಅರ್ಧ. ಅಮೆರಿಕದವರು ಆ ಪದ್ಧತಿ ಕಟ್ಟಿದ್ದೇ ಸರ್ವೆ ನಕ್ಷೆಗಳಿಗೆ. ಒಂದು ಕಡೆಯ ಅನುಭವವನ್ನು ಅದೇ ಹೆಸರಿನ ಇನ್ನೊಂದು ಕಡೆಗೆ ಒಯ್ಯಬೇಕು ಅನ್ನುವುದು ಅದರ ಉದ್ದೇಶ. ಧಾರವಾಡ ಬದಿಯ ಎರೆಯಲ್ಲಿ ಮುಂಗಾರಿಗೂ ಬೆಳೆ ತೆಗೆಯುತ್ತಾರೆ, ಡೋಣಿ ಸಾಲಿನಲ್ಲಿ ಮುಂಗಾರಿಗೆ ಖಾಲಿ ಬಿಡುತ್ತಾರೆ. ಗುಂಡಿಯೊಳಗೆ ಎರಡೂ ಅಣ್ಣತಮ್ಮಂದಿರಂತೆ ಕಾಣಬಹುದು. ಹೆಸರಿನಲ್ಲಿ ಆ ವ್ಯತ್ಯಾಸ ಬರದಿದ್ದರೆ ರೈತನಿಗೆ ಹೇಳುವುದೇನು? ಆದರೆ ಬಿರುಕು ಮೋಡವಲ್ಲ ಮಾರಾಯರೆ, ಅದು ಮಣ್ಣೇ. ಹವಾಮಾನ ಮಣ್ಣಿನಲ್ಲಿ ಬರೆದ ಬರಹ ಅದು. ಅದಕ್ಕೇ ಮಾಡೆಲ್ ಬೇಡ, ಬಿರುಕು ನೋಡು ಅಂದದ್ದು.

#9 · ಗ್ರಿಡ್‌ಮಳೆ

ಸರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ‘ಹತ್ತರಲ್ಲಿ ಆರು ವರ್ಷ’ ಅನ್ನುವುದನ್ನು ಒಂದು ಬೇಸಿಗೆ ಬಕೆಟ್ ನೀರು ಸುರಿದು ಹೇಳಲಾಗುತ್ತದೆಯೇ? ರೈತರ ನೆನಪಿನಲ್ಲಿ ಬರದ ವರ್ಷವೂ ಹಸಿ ವರ್ಷವೂ ಗಟ್ಟಿಯಾಗಿ ಉಳಿಯುತ್ತವೆ, ಸಾದಾ ವರ್ಷಗಳು ಮರೆತುಹೋಗುತ್ತವೆ. 212 ಮತ್ತು 205ರ ನಡುವಿನ ವ್ಯತ್ಯಾಸ ಯಾರ ನೆನಪಿನಲ್ಲೂ ಇರುವುದಿಲ್ಲ. ಅಲ್ಲಿಗೆ ಅಂಕಿಅಂಶವೇ ಬೇಕು.

ನನ್ನ ಸಲಹೆ: ಈ ಸಲ ಬಿರುಕು ಬಿಡುವುದನ್ನೂ ಮುಚ್ಚುವುದನ್ನೂ ವಾರಕ್ಕೊಮ್ಮೆ ಬರೆದಿಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ದಿನದ ಮಳೆ ಅಲ್ಲಿಂದ ತೆಗೆದುಕೊಳ್ಳಿ. ಕೊನೆಯ ದೊಡ್ಡ ಮಳೆಯಾದ ಎಷ್ಟು ದಿನಕ್ಕೆ 5 ಮಿ.ಮೀ ತೆರೆಯಿತು, ಮುಂಗಾರಿನಲ್ಲಿ ಒಟ್ಟು ಎಷ್ಟು ಮಿ.ಮೀ ಬಿದ್ದ ಮೇಲೆ ಮುಚ್ಚಿತು, ಈ ಎರಡು ಗೊತ್ತಾದರೆ ಹಿಂದಿನ ವರ್ಷಗಳ ದಿನಮಳೆಗೆ ಅದನ್ನೇ ಹೊಂದಿಸಿ ಎಣಿಸಬಹುದು. ತಿಂಗಳ ಸರಾಸರಿಯಿಂದ ಇದು ಸಾಧ್ಯವಿಲ್ಲ.

#10 · ಹಳೇಸರ್ವೇಯರ್

ಇದು ಒಳ್ಳೆಯ ದಾರಿ. ನಮ್ಮ ಕಾಲದಲ್ಲಿ ದಿನಮಳೆ ತಾಲ್ಲೂಕು ಕಚೇರಿಯ ರಿಜಿಸ್ಟರಿನಿಂದ ಕೈಯಲ್ಲಿ ನಕಲು ಮಾಡಬೇಕಿತ್ತು. ಒಂದೇ ವರ್ಷ, ಒಂದೇ ಹೊಲದ ಅಳತೆ ನಂಬಬೇಡ. ಜೋಳದ ಹೊಲ ಒಂದು, ಕಡಲೆ ಹೊಲ ಒಂದು ಹಿಡಿ.

#11 · ಗುಂಡಿವಿದ್ಯಾರ್ಥಿ

ಲ್ಯಾಬಿನಿಂದ ಇಎಸ್‌ಪಿ ಬಂತು. ಮೇಲಿನ 18 ಸೆಂ.ಮೀನಲ್ಲಿ 6, 18–50ರಲ್ಲಿ 11, 50–110ರಲ್ಲಿ 17, ಅದರ ಕೆಳಗೆ 19.

#12 · ಹಳೇಸರ್ವೇಯರ್

ಹಾಗಾದರೆ ನಿನ್ನ ಮೂಲ ಪ್ರಶ್ನೆಯೇ ಈ ಗುಂಡಿಗೆ ಅನ್ವಯಿಸುವುದಿಲ್ಲ. ಟ್ಯಾಕ್ಸಾನಮಿಯ ಕೀ, ಅಂದರೆ ಹೆಸರು ಹುಡುಕುವ ಪಟ್ಟಿ, ಮೇಲಿಂದ ಕೆಳಕ್ಕೆ ಓದುವಂಥದ್ದು, ಮೊದಲು ಹೊಂದಿದ್ದೇ ಹೆಸರು. ಹ್ಯಾಪ್ಲಸ್ಟರ್ಟ್ಸ್ ಒಳಗೆ ಸೋಡಿಕ್ (ಸೋಡಿಯಂ ಹೆಚ್ಚಿರುವುದು) ಅನ್ನುವುದು ಏರಿಡಿಕ್‌ಗಿಂತ ಮೇಲಿದೆ. 100 ಸೆಂ.ಮೀ ಒಳಗೆ ಯಾವುದಾದರೂ ಪದರದಲ್ಲಿ ಇಎಸ್‌ಪಿ 15 ಅಥವಾ ಹೆಚ್ಚು, ಸಾಮಾನ್ಯ ವರ್ಷದಲ್ಲಿ 6 ತಿಂಗಳಾದರೂ ಇದ್ದರೆ ಅಲ್ಲಿಗೇ ನಿಲ್ಲು: ಸೋಡಿಕ್ ಹ್ಯಾಪ್ಲಸ್ಟರ್ಟ್ಸ್. ಬಿರುಕು 212 ದಿನವಿರಲಿ 190 ಇರಲಿ, ಹೆಸರಿಗೆ ವ್ಯತ್ಯಾಸವಾಗದು.

ಅದಕ್ಕಿಂತ ಮೇಲೆ ಕ್ಯಾಲ್ಸಿಅಸ್ಟರ್ಟ್ (ಸುಣ್ಣದ ಪದರವಿರುವ ಅಸ್ಟರ್ಟ್) ಆಗುತ್ತದೆಯೇ ಅಂತ ಕೇಳಿಯಾರು. ಸುಣ್ಣಕಲ್ಲು ಕಂಡ ಮಾತ್ರಕ್ಕೆ ಆಗುವುದಿಲ್ಲ. ಅದಕ್ಕೆ ಕ್ಯಾಲ್ಸಿಕ್ ಪದರ 100 ಸೆಂ.ಮೀ ಒಳಗೆ ಶುರುವಾಗಬೇಕು, ಕಾರ್ಬೊನೇಟ್ ಶೇ 15 ಮುಟ್ಟಬೇಕು. ನಿನ್ನದು 110ಕ್ಕೆ ಶುರು, ಶೇ 13.

ಎರಡು ಎಚ್ಚರಿಕೆ. ಇಎಸ್‌ಪಿ ತೆಗೆಯುವ ಮೊದಲು ಕರಗಿದ ಉಪ್ಪನ್ನು ತೊಳೆದಿದ್ದಾರೆಯೇ ಕೇಳು. ಇಲ್ಲದಿದ್ದರೆ ನೀರಿನಲ್ಲಿದ್ದ ಸೋಡಿಯಂ ಕೂಡ ಜೇಡಿಗೆ ಅಂಟಿದ್ದು ಅಂತ ಲೆಕ್ಕಕ್ಕೆ ಬರುತ್ತದೆ. ಜೇಡಿಯ ಅಳತೆಯನ್ನೂ ನೋಡು. ಸುಣ್ಣವಿರುವ ಎರೆಯನ್ನು ಸರಿಯಾಗಿ ಬಿಡಿಸದೆ ಹೈಡ್ರೋಮೀಟರ್ ಇಳಿಸಿದರೆ ಜೇಡಿ ಕಡಿಮೆ ಬರುತ್ತದೆ. ನಿನ್ನ ಶೇ 58 ನಿಜವಾಗಿ 62 ಇದ್ದರೆ ಫ್ಯಾಮಿಲಿ (ಉಪಗುಂಪಿನ ಕೆಳಗಿನ ಹಂತ) ‘ಫೈನ್’ನಿಂದ ‘ವೆರಿ ಫೈನ್’ಗೆ ಹೋದೀತು, 60 ಅದರ ಗಡಿ. ಖನಿಜ ಸ್ಮೆಕ್ಟೈಟ್ (ಹಿಗ್ಗುವ–ಕುಗ್ಗುವ ಜೇಡಿ ಖನಿಜ) ಅನ್ನಲು ಎಕ್ಸ್‌ರೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಿಇಸಿಯನ್ನು (ಕ್ಯಾಟಯಾನ್ ವಿನಿಮಯ ಸಾಮರ್ಥ್ಯ) ಜೇಡಿಯಿಂದ ಭಾಗಿಸು, 0.7 ದಾಟಿದರೆ ಸಾಮಾನ್ಯವಾಗಿ ಸ್ಮೆಕ್ಟೈಟ್ ಅಂತ ಒಪ್ಪುತ್ತಾರೆ. ಎಲ್ಲ ಸರಿಯಿದ್ದರೆ ಪೂರ್ತಿ ಹೆಸರು: ಫೈನ್, ಸ್ಮೆಕ್ಟಿಟಿಕ್, ಐಸೊಹೈಪರ್‌ಥರ್ಮಿಕ್ ಸೋಡಿಕ್ ಹ್ಯಾಪ್ಲಸ್ಟರ್ಟ್ಸ್.

#13 · ಟೂವೂಂಬಾಕನ್ನಡಿಗ

ಡಬ್ಲ್ಯೂಆರ್‌ಬಿಯಲ್ಲಿ ಸೋಡಿಕ್ ಅನ್ನಲು 15ರವರೆಗೆ ಕಾಯಬೇಕಿಲ್ಲ. ಸೋಡಿಯಂ ಶೇ 6, ಸೋಡಿಯಂ–ಮೆಗ್ನೀಷಿಯಂ ಎರಡೂ ಸೇರಿ ಶೇ 15 ಇದ್ದರೆ ಸಾಕು. ನಿಮ್ಮ 18–50ರ ಪದರವೇ ಸೇರಿಬಿಡಬಹುದು.

#14 · ಗ್ರಿಡ್‌ಮಳೆ

ಅದಕ್ಕೆ ನಮ್ಮವರ ಕೆಲಸವೂ ಇದೆ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೋದ ಡಿ.ಕೆ. ಪಾಲ್ ಮತ್ತು ಜೊತೆಯವರು ಒಣನಾಡಿನ ಎರೆಗಳಲ್ಲಿ ಇದನ್ನೇ ತೋರಿಸಿದ್ದಾರೆ. ಮಳೆ ಕಡಿಮೆಯಾದಂತೆ ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತದೆ, ಜೇಡಿಯ ಮೇಲೆ ಆ ಜಾಗಕ್ಕೆ ಸೋಡಿಯಂ, ಮೆಗ್ನೀಷಿಯಂ ಬರುತ್ತವೆ, ನೀರು ಇಳಿಯುವುದು ನಿಧಾನವಾಗುತ್ತದೆ. ಇಎಸ್‌ಪಿ 15 ಮುಟ್ಟುವ ಎಷ್ಟೋ ಮೊದಲೇ ಬೆಳೆಗೆ ಪೆಟ್ಟು ಬೀಳುತ್ತದೆ. ಹಾಗಾಗಿ ನೀರಿಳಿಯುವ ವೇಗವನ್ನೂ ಅಳೆಯಿರಿ. ಸುಣ್ಣದ ಹರಳು, ಸೋಡಿಯಂ, ಬಿರುಕಿನ ದಿನ, ಮೂರೂ ಒಂದೇ ಒಣ ಹವೆಯ ಮಕ್ಕಳು.

#15 · ಡೋಣಿದಂಡಿ

ಹೆಸರು ಸೋಡಿಕ್ ಅಂತ ಆತು ಬಿಡ್ರಿ. ನಾವು ಸವಳು ಅಂತೀವಿ. ಜಿಪ್ಸಂ ಹಾಕಬೇಕೋ ಬ್ಯಾಡೋ ಅದನ್ನ ಹೇಳ್ರಿ. ಮತ್ತ ಕಾಲುವಿ ನೀರು ಬಂದ್ರ ಒಳ್ಳೇದಾಗತೈತೋ ಕೆಡತೈತೋ?

#16 · ಹಳೇಸರ್ವೇಯರ್

ಅಣ್ಣಾರ, ಎಷ್ಟು ಹಾಕಬೇಕು ಅನ್ನುವುದಕ್ಕೆ ಜಿಪ್ಸಂ ಅಗತ್ಯದ ಪರೀಕ್ಷೆಯೇ ಬೇರೆ ಇದೆ. ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಅದನ್ನೇ ಹೆಸರು ಹೇಳಿ ಕೇಳಿ, ಬರೀ ಎನ್‌ಪಿಕೆ ಕಾರ್ಡು ತೆಗೆದುಕೊಂಡು ಬರಬೇಡಿ. ಮೇಲಿನ ಪದರದಲ್ಲಿ 6 ಇದೆ, ತೊಂದರೆ ಇರುವುದು ಮೊಳಕಾಲುದ್ದ ಕೆಳಗೆ. ಮೇಲೆ ಚೆಲ್ಲಿದ ಜಿಪ್ಸಂ ಅಲ್ಲಿಗೆ ತಲುಪಬೇಕಾದರೆ ನೀರು ಇಳಿಯಬೇಕು, ಇಳಿದ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ಬಸಿಗಾಲುವೆ ಇಲ್ಲದೆ ಕಾಲುವೆ ನೀರು ಬಿಟ್ಟರೆ ಸವಳಿನ ಜೊತೆ ಜವಳೂ ಸೇರುತ್ತದೆ.

ಕಾಲುವೆ ನೀರು ಬಂದು ಬಿರುಕು ಬಿಡುವುದೇ ನಿಂತರೂ ಹೆಸರು ಬದಲಾಗುವುದಿಲ್ಲ, ನಿಯಮದಲ್ಲಿ ‘ನೀರಾವರಿ ಮಾಡದಿದ್ದರೆ’ ಅಂತಲೇ ಇದೆ.

#17 · ಗುಂಡಿವಿದ್ಯಾರ್ಥಿ

ಸರ್, ಇನ್ನೊಂದು ಗುಂಡಿಯಿದೆ, ಅದೇ ಏರಿಯಲ್ಲಿ ಮೇಲೆ, ಮಡ್ಡಿಯ ಹತ್ತಿರ. ಬಣ್ಣ ಇಷ್ಟೇ ಕಪ್ಪು. 40 ಸೆಂ.ಮೀಗೇ ಗರಸು. ಬಿರುಕಿದೆ, ಸ್ಲಿಕನ್‌ಸೈಡ್ ಇಲ್ಲ. ಇದನ್ನೂ ಅದೇ ಹೆಸರಿಗೆ ಸೇರಿಸಲೇ? ರಾಜ್ಯದ ನಕ್ಷೆಯಲ್ಲಿ ಎರಡೂ ಒಂದೇ ಬಣ್ಣದಲ್ಲಿವೆ.

#18 · ಹಳೇಸರ್ವೇಯರ್

ಬೇಡ. ಆ ನಕ್ಷೆ 1:2,50,000ದ್ದು, ಅದರಲ್ಲಿ ಒಂದು ಸೆಂ.ಮೀ ಅಂದರೆ ನೆಲದ ಮೇಲೆ ಎರಡೂವರೆ ಕಿ.ಮೀ. ನಿನ್ನ ಎರಡು ಗುಂಡಿ ಅಲ್ಲಿ ಒಂದೇ ಚುಕ್ಕೆ. ರಾಜ್ಯದ ಜಲಾನಯನ ಯೋಜನೆ ಸುಜಲ-3ರ ಭೂ ಸಂಪನ್ಮೂಲ ಸಮೀಕ್ಷೆ 1:7,920ರ ಹಳ್ಳಿ ನಕ್ಷೆಯ ಮೇಲೆ ಸರ್ವೆ ನಂಬರ್ ಹಿಡಿದು ಮಾಡಿದ್ದು. ನಿನ್ನ ಜಲಾನಯನಕ್ಕೆ ಅದು ಸಿಕ್ಕರೆ ತೆಗೆದು ನೋಡು.

ಕಪ್ಪಾಗಿದ್ದ ಮಾತ್ರಕ್ಕೆ ವರ್ಟಿಸಾಲ್ ಅಲ್ಲ. ಎರೆಯ ಕಪ್ಪು ಸಾವಯವದಿಂದ ಬಂದದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ, ಸಾವಯವ ಇಂಗಾಲ ಅಳೆದರೆ ಅಷ್ಟು ಕಪ್ಪಿಗೆ ತಕ್ಕಷ್ಟು ಇರುವುದಿಲ್ಲ. 25 ಸೆಂ.ಮೀ ದಪ್ಪದ ಸ್ಲಿಕನ್‌ಸೈಡ್ ಅಥವಾ ಬೆಣೆ ಹೆಂಟೆಯ ಪದರ ಇಲ್ಲದಿದ್ದರೆ ಅದು ಇನ್ಸೆಪ್ಟಿಸಾಲ್ (ಪದರಗಳು ಇನ್ನೂ ಪೂರ್ತಿ ಬೆಳೆಯದ ಮಣ್ಣು) ಕಡೆಗೆ ಹೋಗುತ್ತದೆ. ಹಿಗ್ಗುವ–ಕುಗ್ಗುವ ಅಳತೆ ಮೇಲಿಂದ ಗರಸಿನವರೆಗೆ ಒಟ್ಟು 6 ಸೆಂ.ಮೀ ಮುಟ್ಟಿದರೆ ವರ್ಟಿಕ್ ಹ್ಯಾಪ್ಲಸ್ಟೆಪ್ಟ್ಸ್ (ವರ್ಟಿಸಾಲ್ ಲಕ್ಷಣವಿರುವ ಇನ್ಸೆಪ್ಟಿಸಾಲ್) ಅನ್ನಬಹುದು. 40 ಸೆಂ.ಮೀ ಮಣ್ಣಿನಲ್ಲಿ ಅದು ಕಷ್ಟ, ಅಳೆಯದೆ ಬರೆಯಬೇಡ. ಗರಸು ಗುದ್ದಲಿಗೆ ಬಗ್ಗುತ್ತದೆಯೋ ಇಲ್ಲವೋ ಅದನ್ನೂ ಬರೆ.

#19 · ಗ್ರಿಡ್‌ಮಳೆ

ಈ ಎರಡನೇ ಗುಂಡಿ ವರ್ಟಿಸಾಲ್ ಅಲ್ಲದಿದ್ದರೆ ನಿಯಂತ್ರಣ ವಿಭಾಗ ವಾಪಸ್ ಬರುತ್ತದೆ, ನನ್ನ ಮಾಡೆಲ್‌ಗೂ ಕೆಲಸ ಸಿಗುತ್ತದೆ. ಈ ಸಲ 200 ಮಿ.ಮೀ ಬಿಡಿ, 40 ಸೆಂ.ಮೀ ಮಣ್ಣು ಹಿಡಿಯುವಷ್ಟನ್ನೇ ಹಾಕಿ ಓಡಿಸಿ. ಅಲ್ಲಿ ಬರುವ ಉತ್ತರ ಮೊದಲಿನದಕ್ಕಿಂತ ಒಣದಾಗಿರುತ್ತದೆ ಅಂತ ಈಗಲೇ ಹೇಳಬಲ್ಲೆ. ಫೈಲ್ ಇಲ್ಲೇ ಹಾಕಿ, ವರ್ಷವಾರು ನಾನು ಓಡಿಸಿ ಕೊಡುತ್ತೇನೆ.

#20 · ಡೋಣಿದಂಡಿ

ಬಿರಕು ಅಳಿಯಾಕ ಬರೂದಿದ್ರ ಎಳ್ಳಮಾಸಿಗೇ ಬರ್ರಿ, ಊಟಾನೂ ಆಗತೈತಿ. ನಮ್ಮ ಹೊಲದಾಗ ಈ ವರ್ಷ ಜ್ವಾಳ, ತಮ್ಮನ ಹೊಲದಾಗ ಕಡ್ಲಿ. ಎರಡೂ ಅಳೀರಿ.